ಬೆಟ್ಟದ ಓಟಕ್ಕೆ ಮರಳುವವರಿಗೆ

ಧನುರ್ಮಾಸದ ಚಳಿಗೆ ಅಭ್ಯಾಸವನ್ನು ಬಿಟ್ಟಿದ್ದ ತರುಣರು ಶಿವರಾತ್ರಿಯು ಕಳೆದೊಡನೆ ಚಾಮುಂಡಿಬೆಟ್ಟದತ್ತ ಮತ್ತೆ ಓಡತೊಡಗುವರು. ಉತ್ಸಾಹವು ಶ್ಲಾಘ್ಯವೇ, ಆದರೆ ಮನೆಯ ಹಿರಿಯರು ಅವರಿಗೊಂದು ವಿಷಯವನ್ನು ತಿಳಿಯಹೇಳತಕ್ಕದ್ದು. ಶ್ವಾಸಬಲವು ಕೆಲವು ವಾರಗಳಲ್ಲಿಯೇ ಮರಳುವುದು. ಸ್ನಾಯುರಜ್ಜುಗಳು ಬಲಿಯುವುದಕ್ಕಾದರೋ ತಿಂಗಳುಗಳೇ ಬೇಕು. ಉಸಿರು ಒಪ್ಪಿದಮಾತ್ರಕ್ಕೆ ಹಿಮ್ಮಡಿಯೂ ಒಪ್ಪಿತೆಂದು ಭಾವಿಸಬಾರದು. ಆದಕಾರಣ ಸುಮಾರು 1000 ಮೆಟ್ಟಿಲುಗಳನ್ನು ಮೊದಲ ದಿನವೇ ಓಡಿ ಏರಲು ಹವಣಿಸದೆ, ಕೆಲವು ವಾರ 700ರ ಸಮೀಪದಲ್ಲಿರುವ ನಂದಿಯವರೆಗೆ ನಡೆದೇ ಹೋಗಲಿ. ಬಳಿಕ ಸ್ವಲ್ಪ ಓಟ, ಸ್ವಲ್ಪ ನಡಿಗೆ. ಇಳಿಯುವಾಗ ಏದುಸಿರಿಲ್ಲವೆಂದು ಧಾವಿಸುವುದು ಅಪಾಯಕರ. ದೇಹಭಾರವನ್ನು ತಡೆಯುವ ತೊಡೆಯ ಮಾಂಸಖಂಡಗಳಿಗೆ ಆಗಲೇ ಹೆಚ್ಚಿನ ಪೆಟ್ಟು. ಹೆಜ್ಜೆಗಳು ಚಿಕ್ಕವಾಗಿರಲಿ. ಮರುದಿನ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯು ನೊಂದರೆ ಅಂದು ವಿಶ್ರಾಂತಿಯೇ ಅಭ್ಯಾಸವು. ಒಂದು ವಾರದ ಆತುರವು ಇಡೀ ವರ್ಷದ ಓಟವನ್ನು ಕಸಿದುಕೊಳ್ಳಬಲ್ಲದು.