ಎಸೆದ ಎಳೆಯ ಬೆಲೆ

ರೇಷ್ಮೆಯೆಂದೊಡನೆ ಎಲ್ಲರ ಕಣ್ಣ ಮುಂದೆ ಸುಳಿಯುವುದು ಮದುವೆಯ ಮನೆ, ಜರಿಯ ಸೆರಗು. ನೂಲು ಬಿಚ್ಚಾಣಿಕೆಯ ಊರಿನಲ್ಲಿ ಬೆಳೆದ ನನಗಾದರೋ ಮೊದಲು ನೆನಪಾಗುವುದು ಬಿಸಿನೀರಿನ ಹಬೆ, ಬೆಂದ ಗೂಡಿನ ವಾಸನೆ, ಒಲೆಯ ಮಗ್ಗುಲಲ್ಲಿ ಒದ್ದೆಯಾಗಿ ಬಿದ್ದಿರುತ್ತಿದ್ದ ಸಿಕ್ಕು ಎಳೆಗಳ ಗುಡ್ಡೆ. “ಇದೇನವ್ವ?” ಎಂದು ಕೇಳಿದರೆ, “ಕಸ ಕಣಪ್ಪ, ತೂಕಕ್ಕೆ ಹೋಗುತ್ತೆ” ಎನ್ನುತ್ತಿದ್ದಳು ನನ್ನ ತಾಯಿ.

ಜಪಾನಿನಲ್ಲಿ ಈ ಕಸಕ್ಕೆ ಒಂದು ಹೆಸರುಂಟು: ಕಿಬಿಸೊ. ಬೆಂದ ಗೂಡಿನ ಎಳೆಯ ತುದಿಯನ್ನು ಹುಡುಕುವಾಗ ಮೊದಲು ಬರುವ ಹೊರಪದರದ ಎಳೆಯಿದು. ಸೆರಿಸಿನ್ ಎಂಬ ಅಂಟು ಇದರಲ್ಲಿ ಹೆಚ್ಚು. ಆದುದರಿಂದ ಇದು ಬಿರುಸು. ಒಂದೆಡೆ ದಪ್ಪ, ಒಂದೆಡೆ ತೆಳುವು. ನಯವಾದ ನೂಲಿಗೆ ಒಗ್ಗದ ಈ ಎಳೆಯನ್ನು ಅಲ್ಲಿಯೂ ಬದಿಗೆ ಸರಿಸುತ್ತಿದ್ದರು.

ಯಮಗಾತ ಪ್ರಾಂತದ ತ್ಸುರುವೋಕ ರೇಷ್ಮೆಗೆ ಹೆಸರಾದ ಊರು. ಕತ್ತಿಯನ್ನು ಕೆಳಗಿಟ್ಟ ಶೊನಾಯ್ ಸಂಸ್ಥಾನದ ಸಮುರಾಯಿಗಳು 1872ರಲ್ಲಿ ಅಲ್ಲಿನ ಕಾಡು ಕಡಿದು ರೇಷ್ಮೆ ವ್ಯವಸಾಯಕ್ಕೆ ತೊಡಗಿದರು. ಮುಂದೆ ಕಾಲ ತಿರುಗಿ ಉದ್ಯಮ ಸೊರಗಿತು. ಆಗ, ಈ ಶತಮಾನದ ಮೊದಲ ದಶಕದಲ್ಲಿ, ಟೋಕಿಯೋದ ನುನೊ ಸಂಸ್ಥೆಯ ವಸ್ತ್ರವಿನ್ಯಾಸಕಿ ಸುದೊ ರೇಕೊ ಅವರು ಅಲ್ಲಿಯ ನೇಕಾರರೊಡನೆ ಕೂಡಿ ಕಿಬಿಸೊವನ್ನು ಕೈಗೆತ್ತಿಕೊಂಡರು. ಮೊದಲು ಕೈಮಗ್ಗಕ್ಕೆ ಮಾತ್ರ ಒಗ್ಗುತ್ತಿದ್ದ ಎಳೆಯನ್ನು ತೆಳುವುಮಾಡಿ ಯಂತ್ರಮಗ್ಗಕ್ಕೂ ಹೊಂದಿಸಿದರು. ಈಗ ಅದರಿಂದ ಚೀಲ, ಟೋಪಿ, ಉಡುಪುಗಳಾಗುತ್ತವೆ.

ರೇಷ್ಮೆಯ ತ್ಯಾಜ್ಯದಿಂದ ನೂಲು ತೆಗೆಯುವುದು ನಮಗೇನೂ ಹೊಸತಲ್ಲ. ಚನ್ನಪಟ್ಟಣದಲ್ಲಿ ಸ್ವಾತಂತ್ರ್ಯಕ್ಕೆ ಮುಂಚೆಯೇ ಅದಕ್ಕಾಗಿ ಗಿರಣಿ ಹುಟ್ಟಿತ್ತು. ಆದರೆ ಆ ಬಗೆಯ ನೂಲುವಿಕೆಯಲ್ಲಿ ಅಂಟನ್ನು ಕುದಿಸಿ ಕಳೆದು, ಎಳೆಯನ್ನು ಬಾಚಿ, ಒರಟು ನಯವಾಗುವಂತೆ ಮಾಡುತ್ತಾರೆ. ಕಿಬಿಸೊ ಬಟ್ಟೆಯಲ್ಲಿ ಆ ಬಿರುಸೇ ಸೊಗಸು. ವಸ್ತುವಿನ ಸ್ವಭಾವವನ್ನು ದೋಷವೆಂದು ತಳ್ಳದೆ, ಅದಕ್ಕೆ ತಕ್ಕ ಬಳಕೆಯನ್ನು ಹುಡುಕುವುದೇ ನಿಜವಾದ ಜಾಣ್ಮೆಯೆಂದು ನನ್ನ ಅಭಿಪ್ರಾಯ.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಉತ್ಸಾಹದಿಂದ ಅವ್ವನಿಗೆ ಹೇಳಿದೆ. ಅವಳು ಬಿಸಿನೀರಿನಲ್ಲಿ ನೆನೆದು ಬೆಳ್ಳಗಾದ ಬೆರಳುಗಳನ್ನು ಸೆರಗಿನಲ್ಲಿ ಒರಸಿಕೊಳ್ಳುತ್ತ ಎಲ್ಲವನ್ನೂ ಕೇಳಿ, “ಹಾಗಾದರೆ ನಮ್ಮ ಕೂಲಿ ಏನಾದರೂ ಏರುತ್ತೇನಪ್ಪ?” ಎಂದಳು.

ನಾನು ಉತ್ತರಿಸಲಾರದೆ ಹೋದೆ. ಕಸಕ್ಕೆ ಬಂದ ಬೆಲೆ ಅಂಗಡಿಯ ಗಾಜಿನ ಕಪಾಟಿನಲ್ಲೇ ನಿಂತು, ಗೂಡು ಬಿಚ್ಚಿದ ಕೈಗೆ ಮುಟ್ಟದಿದ್ದರೆ ಆ ಜಾಣ್ಮೆ ಅರ್ಧವೇ ಸರಿ. ಗೆಳೆಯರೇ, ವಿನ್ಯಾಸವನ್ನು ಜಪಾನೀಯರಿಂದ ಕಲಿಯಬಹುದು. ಅವ್ವನ ಪ್ರಶ್ನೆಗೆ ಉತ್ತರವನ್ನು ಮಾತ್ರ ಓದಿದ ನಾವೇ ಹುಡುಕಬೇಕಾಗಿದೆ.