‘ಅಲ್ಲಲ್ಲಿ ಮಳೆ’ ಎಂದರೆ ಎಲ್ಲೆಲ್ಲಿ?



ಫೆಬ್ರವರಿ ಕಳೆದು ಮಾರ್ಚ್ ಬಂತೆಂದರೆ ನಮ್ಮ ಸಂಘದ ಜಗಲಿಯ ಮೇಲೆ ಕೇಳಿಬರುವ ಮಾತು ಒಂದೇ: “ಮಳೆ ಬರುತ್ತದೆ ಅಂದರು, ಬರಲಿಲ್ಲ.” ಹೂಮಳೆಯನ್ನು ನಂಬಿ ಪಂಪು ನಿಲ್ಲಿಸಿದವರಿಗೆ ಮೊಗ್ಗು ಒಣಗಿತೆಂಬ ಸಂಕಟ. ನಂಬದೆ ಸ್ಪ್ರಿಂಕ್ಲರ್ ಹಾಕಿದವರಿಗೆ ಮರುದಿನವೇ ಮಳೆ ಸುರಿದು ಡೀಸೆಲ್ಲಿನ ಹಣ ದಂಡವಾಯಿತೆಂಬ ಸಂಕಟ. ಇಬ್ಬರೂ ಬೈಯುವುದು ಹವಾಮಾನ ಇಲಾಖೆಯನ್ನೇ. ಈ ಬೈಗುಳದಲ್ಲಿ ನ್ಯಾಯವೆಷ್ಟು, ನಮ್ಮ ಕೈಯಲ್ಲಿ ಆಗತಕ್ಕದ್ದೇನು ಎಂಬುದನ್ನು ತುಸು ವಿಚಾರ ಮಾಡಬೇಕಾಗಿದೆ.

ಮೊದಲು ಮೋಡದ ಸಂಗತಿ. ಗಾಳಿಯಲ್ಲಿ ನೀರಿನ ಆವಿ ಸದಾ ಇರುತ್ತದೆ. ಗಾಳಿ ಮೇಲೇರಿದಂತೆ ಹಿಗ್ಗಿ, ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ಸಿನಂತೆ ತಣ್ಣಗಾಗುತ್ತದೆ. ಒಂದು ಎತ್ತರ ಮುಟ್ಟಿದಾಗ ಆವಿಯು ಧೂಳು, ಹೊಗೆ, ಸಮುದ್ರದ ಉಪ್ಪು ಮುಂತಾದ ಕಣಗಳ ಸುತ್ತ ಹನಿಗಟ್ಟುತ್ತದೆ. ಅದೇ ಮೋಡ. ಈ ಹನಿಗಳು ಬಹಳ ಸೂಕ್ಷ್ಮ. ಸುಮಾರು ಹತ್ತು ಲಕ್ಷ ಹನಿ ಕೂಡಿದರೆ ಒಂದು ಮಳೆಹನಿ. ಆದ್ದರಿಂದ ಮೋಡ ಕವಿದ ಮಾತ್ರಕ್ಕೆ ಮಳೆ ಬರಲೇಬೇಕೆಂದಿಲ್ಲ.

ಗಾಳಿ ಮೇಲೇರಲು ನಮ್ಮಲ್ಲಿ ಮುಖ್ಯವಾಗಿ ಎರಡು ದಾರಿ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಸಾಲು ದಾಟಿ ಪೂರ್ವಕ್ಕೆ ಇಳಿದಾಗ ಪುನಃ ಬಿಸಿಯಾಗಿ ಮೋಡ ಕರಗುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆಯಾದರೆ ಚಿಕ್ಕಮಗಳೂರು ಪೇಟೆಗೆ 1,000ದ ಆಸುಪಾಸು ಮಾತ್ರ ಬೀಳುವುದು ಇದರಿಂದಲೇ. ಈ ಗಾಳಿ ನೂರಾರು ಕಿಲೋಮೀಟರ್ ಉದ್ದಕ್ಕೂ ಬೀಸುವುದರಿಂದ ಮುನ್ಸೂಚನೆ ಕೊಡುವುದು ಅಷ್ಟು ಕಷ್ಟವಲ್ಲ.

ಹೂಮಳೆಯ ರೀತಿ ಬೇರೆ. ಬಿಸಿಲಿಗೆ ನೆಲ ಕಾದು, ಗಾಳಿ ಅಲ್ಲಲ್ಲೇ ಮೇಲೆದ್ದು, ಮಧ್ಯಾಹ್ನಕ್ಕೆ ಹೂಕೋಸಿನಂತೆ ಮೋಡ ಕಟ್ಟಿ, ಸಂಜೆ ಗುಡುಗಿ ಸುರಿಯುತ್ತದೆ. ಅಂಥ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರ್, ಆಯುಸ್ಸು ಒಂದು ಗಂಟೆಯ ಆಸುಪಾಸು. ಗುಡ್ಡದ ಈಚೆ ಒಂದು ಇಂಚು, ಆಚೆ ಐದು ಸೆಂಟೂ ಇಲ್ಲ ಎಂಬುದು ನಮಗೆ ಹೊಸದೇನಲ್ಲ. 2025ರ ಮೇ ತಿಂಗಳಲ್ಲಿ ಹವಾಮಾನ ಇಲಾಖೆ ತನ್ನ ಲೆಕ್ಕಾಚಾರದ ಚೌಕವನ್ನು 12 ಕಿ.ಮೀ.ಯಿಂದ 6 ಕಿ.ಮೀ.ಗೆ ಇಳಿಸಿತು. ಇದು ದೊಡ್ಡ ಪ್ರಗತಿಯೇ ಸರಿ. ಆದರೆ ನಮ್ಮ ಮೂರೆಕರೆ, ಐದೆಕರೆ ತೋಟ ಆ ಚೌಕದ ಒಂದು ಮೂಲೆಗೂ ಸಾಲದು.

ಇನ್ನು ಮುನ್ಸೂಚನೆಯ ಭಾಷೆ. “ಅಲ್ಲಲ್ಲಿ ಮಳೆ” ಎಂಬುದು ಬಾಯಿಮಾತಲ್ಲ, ಅದಕ್ಕೊಂದು ಲೆಕ್ಕವಿದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರಷ್ಟು ಅಥವಾ ಅದಕ್ಕೂ ಕಡಿಮೆ ಕಡೆ ಮಳೆಯಾಗಬಹುದೆಂದು ಅದರ ಅರ್ಥ. ಕೆಲವೆಡೆ ಎಂದರೆ 26ರಿಂದ 50, ಹಲವೆಡೆ ಎಂದರೆ 51ರಿಂದ 75, ಅದಕ್ಕೂ ಮೇಲಾದರೆ ಬಹುತೇಕ ಎಲ್ಲೆಡೆ. ಮಳೆಯೆಂದು ಎಣಿಸಲು 2.5 ಮಿ.ಮೀ. ಸಾಕು, ಅಂದರೆ ನಮ್ಮ ಲೆಕ್ಕದ ಹತ್ತು ಸೆಂಟು. ರೋಬಸ್ಟಾ ಹೂವಿಗೆ ಬೇಕಾದದ್ದಾದರೋ ಒಂದು ಇಂಚು! ಹೀಗಿರುವಾಗ ಮುನ್ಸೂಚನೆ ನಿಜವಾಗಿಯೂ ನಮ್ಮ ಮೊಗ್ಗು ಒಣಗಬಹುದು. “ಅಲ್ಲಲ್ಲಿ” ಎಂಬ ಒಂದು ಮಾತಿಗೆ ಯಾರೂ ಪಂಪು ನಿಲ್ಲಿಸಬಾರದೆಂಬುದು ನನ್ನ ಅಭಿಪ್ರಾಯ. ಅದೇ ಅಡಿಕೆಗೆ ಬೋರ್ಡೋ ಹೊಡೆಯುವ ಹೊತ್ತಿನಲ್ಲಿ “ಬಹುತೇಕ ಎಲ್ಲೆಡೆ” ಎಂದು ಕೇಳಿದರೆ ಆ ದಿನ ಮೈಲುತುತ್ತ ನೆನೆಸದಿರುವುದೇ ಲೇಸು.

ಉಳಿದ ಅರ್ಧ ಕೆಲಸ ನಮ್ಮದು. “ಫೋನಿನಲ್ಲಿ ಎಲ್ಲ ಬರುತ್ತದೆ, ಮಳೆಮಾಪಕ ಯಾಕೆ?” ಎಂದು ತರುಣ ಸದಸ್ಯರು ಕೇಳುವುದುಂಟು. ಫೋನು ನಮ್ಮ ಊರಿಗೆಂದು ತೋರಿಸುವ ಅಂಕಿ ಬಹುಪಾಲು ಯಂತ್ರದ ಅಂದಾಜು. ನಮ್ಮ ಅಂಗಳದಲ್ಲಿ ಅಳೆದದ್ದಲ್ಲ. ಹಿರಿಯರು ಬರೆದಿಟ್ಟ ಮಳೆ ಪುಸ್ತಕ ಹಲವು ಮನೆಗಳಲ್ಲಿ ಈಗಲೂ ಇದೆ, ಆದರೆ ಕಪಾಟಿನಲ್ಲಿ. ಹತ್ತು ಮನೆಯ ಲೆಕ್ಕ ಒಂದೆಡೆ ಕೂಡಿದರೆ ಯಾವ ಮಗ್ಗುಲಿಗೆ ಹೂಮಳೆ ಬೇಗ, ಯಾವ ಮಗ್ಗುಲಿಗೆ ಬ್ಯಾಕಿಂಗ್ ಮಳೆ ಕೈಕೊಡುತ್ತದೆ ಎಂಬುದು ಕೆಲವೇ ವರ್ಷಗಳಲ್ಲಿ ತಿಳಿಯುತ್ತದೆ.

ಇದರಲ್ಲಿ ಹಣದ ಪ್ರಶ್ನೆಯೂ ಇದೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯ ಪರಿಹಾರ ನಿರ್ಧಾರವಾಗುವುದು ಮಾಪನ ಕೇಂದ್ರದ ಅಂಕಿಯ ಮೇಲೆ, ಕೊಳೆತು ಉದುರಿದ ಕಾಯಿಯ ಮೇಲಲ್ಲ. ಪಂಚಾಯಿತಿಯ ಯಂತ್ರ ಕೆಟ್ಟರೆ, ಮರದ ಮರೆಗೆ ಸಿಕ್ಕಿದರೆ ನಷ್ಟ ನಮಗೆ. ನಮ್ಮ ಪುಸ್ತಕ ನೋಡಿ ವಿಮೆಯವರು ಹಣ ಕೊಡಲಾರರು, ನಿಜ. ಆದರೆ “ಯಂತ್ರ ಪರಿಶೀಲಿಸಿ” ಎಂದು ಬರಿಗೈಯಲ್ಲಿ ಕೇಳುವುದಕ್ಕೂ, ಹತ್ತು ಸದಸ್ಯರ ದಿನವಹಿ ಲೆಕ್ಕ ಮುಂದಿಟ್ಟು ಕೇಳುವುದಕ್ಕೂ ವ್ಯತ್ಯಾಸವಿದೆ.

ಆದಕಾರಣ ಪ್ರತಿ ಗ್ರಾಮದಲ್ಲೂ ಕನಿಷ್ಠ ಇಬ್ಬರು ಸದಸ್ಯರು ಮಾಪಕವಿಟ್ಟು, ದಿನಾ ಬೆಳಿಗ್ಗೆ 8.30ಕ್ಕೆ ಅಳೆದು, ವಾರಕ್ಕೊಮ್ಮೆ ಲೆಕ್ಕವನ್ನು ಸಂಘಕ್ಕೆ ಒಪ್ಪಿಸಬೇಕೆಂಬ ಸಲಹೆಯನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದಿಡಲಿದ್ದೇನೆ. ಮಾಪಕ ಬಯಲಲ್ಲಿರಲಿ; ಹತ್ತಿರದ ಮರ, ಮಾಡು ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರವಿರಲಿ. ಮಳೆ ಬಾರದ ದಿನವೂ ಸೊನ್ನೆ ಬರೆಯುವುದನ್ನು ಮರೆಯಬಾರದು.

– ಕಾರ್ಯದರ್ಶಿ