ಕಾಲುವೆ ಕುಡಿದ ನೀರು

ನಿನ್ನೆಯ ನನ್ನ ಕ್ಯಾಲೆಂಡರ್ ನೋಡಿ. ಹತ್ತಕ್ಕೆ ಸ್ಟ್ಯಾಂಡಪ್, ಹನ್ನೊಂದೂವರೆಗೆ ಗ್ರೂಮಿಂಗ್, ಎರಡಕ್ಕೆ ಪಕ್ಕದ ಟೀಮಿನ ಜೊತೆ ಸಿಂಕ್, ನಾಲ್ಕಕ್ಕೆ ಸ್ಟೇಟಸ್. ತಲಾ ಅರ್ಧ ಗಂಟೆ. "ಎಂಟು ಗಂಟೇಲಿ ಎರಡೇ ತಾನೇ ಹೋಗಿದ್ದು? ಆರು ಗಂಟೆ ಫ್ರೀ ಇದೀಯಲ್ಲಪ್ಪ" ಅಂತಾರೆ ನಮ್ಮ ಮ್ಯಾನೇಜರ್.

ಈ ಲೆಕ್ಕ ಎಲ್ಲಿ ತಪ್ಪಿದೆ ಅಂತ ಅವರಿಗೆ ಗೊತ್ತಿಲ್ಲ. ನಮ್ಮಪ್ಪನಿಗೆ ಗೊತ್ತು.

ತಿಪಟೂರಿನ ಹತ್ತಿರ ನಮ್ಮದೊಂದು ತೆಂಗಿನ ತೋಟ. ಪಂಪ್‌ಸೆಟ್ಟಿಗೆ ದಿನಕ್ಕೆ ಇಂತಿಷ್ಟು ಗಂಟೆ ತ್ರೀ ಫೇಸ್ ಕರೆಂಟು ಅನ್ನೋದು ಸರ್ಕಾರದ ಲೆಕ್ಕ. ನಾನು ಹೈಸ್ಕೂಲಲ್ಲಿದ್ದಾಗ ಅದು ಬರ್ತಿದ್ದಿದ್ದು ತುಂಡು ತುಂಡಾಗಿ, ಅದೂ ರಾತ್ರಿ. ಮೋಟಾರು ಆನ್ ಆದ ತಕ್ಷಣ ಗಿಡಕ್ಕೆ ನೀರು ಹೋಗಲ್ಲ. ಮೊದಲು ಒಣಗಿದ ಕಾಲುವೆ ಕುಡಿಯುತ್ತೆ. ಅದರ ದಾಹ ತೀರಿದ ಮೇಲೆ ನೀರು ಮುಂದಕ್ಕೆ ಹರಿದು, ತೋಟದ ಕೊನೇ ಪಾತಿ ಮುಟ್ಟೋ ಹೊತ್ತಿಗೆ ಕರೆಂಟು ಫಟ್ ಅಂತ ಹೋಗೋದು. ಮತ್ತೆ ಬರೋಷ್ಟರಲ್ಲಿ ಕಾಲುವೆ ಒಣಗಿರೋದು. ಮತ್ತೆ ಮೊದಲಿಂದ. ಬ್ಯಾಟರಿ ಹಿಡ್ಕೊಂಡು ಬದುವಿನ ಮೇಲೆ ನಿಂತಿರ್ತಿದ್ದ ನನಗೆ ಅಪ್ಪ ಹೇಳ್ತಿದ್ದರು: "ಅಷ್ಟೊಂದು ಗಂಟೆ ಬ್ಯಾಡ ಕಣೋ, ಒಂದೇ ಸಮ ಮೂರು ಗಂಟೆ ಕೊಡ್ಲಿ ಸಾಕು."

ಕೋಡ್ ಬರೆಯೋದೂ ನೀರು ಕಟ್ಟೋ ಕೆಲಸವೇ. ಯಾವ ಫಂಕ್ಷನ್ ಯಾವುದನ್ನ ಕರೆಯುತ್ತೆ, ಎಲ್ಲಿ ಕೈಕೊಡಬಹುದು ಅನ್ನೋದೆಲ್ಲ ತಲೆಯಲ್ಲಿ ತುಂಬ್ಕೊಳ್ಳೋಕೇ ಅರ್ಧ ಗಂಟೆ ಬೇಕು. ಆಮೇಲೆ ಶುರು ನಿಜವಾದ ಕೆಲಸ. ಇದು ಹೊಸ ಮಾತೇನಲ್ಲ. ಮೇಕರ್ ಮತ್ತು ಮ್ಯಾನೇಜರ್ ದಿನಚರಿಗಳೇ ಬೇರೆ ಅಂತ ಪಾಲ್ ಗ್ರಹಾಮ್ 2009ರಲ್ಲೇ ಬರೆದರು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಳೇದಕ್ಕೇ ಅಂಟಿಕೊಂಡಿರುತ್ತೆ ಅಂತ ಸೋಫಿ ಲೆರಾಯ್ ಅದೇ ವರ್ಷ ಸಂಶೋಧನೆ ಮಾಡಿ ತೋರಿಸಿದರು. ಇಷ್ಟು ವರ್ಷ ಆದರೂ ನಮ್ಮ ಆಫೀಸಿಗೆ ಸುದ್ದಿ ಮುಟ್ಟಿಲ್ಲ.

ಹಿಂದೆ ಕೆಲಸ ಮಾಡ್ತಿದ್ದ ಕಂಪನಿಯ ಕತೆ ಹೇಳ್ತೀನಿ. ಪೇಮೆಂಟ್ ಕಳಿಸಿದಾಗ ಉತ್ತರ ಬರದಿದ್ರೆ ಮತ್ತೆ ಕಳಿಸೋ ಕೋಡ್ ಬರೀತಿದ್ದೆ. ಇದರಲ್ಲಿ ಒಂದೇ ಒಂದು ಸೂಕ್ಷ್ಮ: ಎಷ್ಟು ಸಲ ಕಳಿಸಿದರೂ ಐಡಿ ಅದೇ ಇರಬೇಕು. ಹೊಸ ಐಡಿ ಹೋದರೆ ಆ ಕಡೆಯವರು ಹೊಸ ಪೇಮೆಂಟ್ ಅಂದ್ಕೊಂಡು ಎರಡನೇ ಸಲ ದುಡ್ಡು ಕಟ್ ಮಾಡ್ತಾರೆ. ಅದು ತಲೆಯಲ್ಲಿತ್ತು. ಅಷ್ಟರಲ್ಲಿ "ಎರಡೇ ನಿಮಿಷ, ಜಾಯಿನ್ ಆಗು" ಅಂತ ಮೆಸೇಜ್ ಬಂತು. ಐವತ್ತು ನಿಮಿಷ ಆದ ಮೇಲೆ ವಾಪಸ್ ಬಂದು ಬರೆದ ಸಾಲು, ಪ್ರತಿ ಸಲವೂ ಹೊಸ ಐಡಿ ಹುಟ್ಟಿಸ್ತಿತ್ತು. ರಿವ್ಯೂ ಮಾಡಿದವನೂ ಒಂದು ಕಾಲಲ್ಲಿ ಕೂತ್ಕೊಂಡೇ ಓಕೆ ಒತ್ತಿದ. ಮೂವತ್ತು ಚಿಲ್ಲರೆ ಜನರ ದುಡ್ಡು ಎರಡೆರಡು ಸಲ ಹೋಯ್ತು. ಅವರಲ್ಲೊಬ್ಬರು ಮಗಳ ಕಾಲೇಜ್ ಫೀಸ್ ಕಟ್ಟಿದ್ದವರು. ತಿಂಗಳ ಕೊನೆ, ಅಕೌಂಟ್ ಖಾಲಿ. ವಾಪಸ್ ಬರೋಕೆ ಐದು ದಿನ. ತಪ್ಪು ನನ್ನದೇ, ಅದರಲ್ಲಿ ಅನುಮಾನ ಇಲ್ಲ.

ಆಮೇಲೆ ಏನಾಯ್ತು ಗೊತ್ತಾ? ಹನ್ನೊಂದು ಜನ ಸೇರಿ ಒಂದೂವರೆ ಗಂಟೆ ಕಾರಣ ಹುಡುಕೋ ಮೀಟಿಂಗ್ ಮಾಡಿದ್ವಿ. ಅದರಲ್ಲಿ ಆದ ತೀರ್ಮಾನ: ಇನ್ನು ದಿನಾ ಸಂಜೆ ಅರ್ಧ ಗಂಟೆ ಕ್ವಾಲಿಟಿ ಸಿಂಕ್!

ಕೂಡಿ ಮಾತಾಡೋದೇ ಬೇಡ ಅಂತ ನಾನು ಹೇಳ್ತಿಲ್ಲ. ಸರ್ವರ್ ಬಿದ್ದಾಗ, ಇಬ್ಬರಿಗೆ ಡಿಸೈನ್ ಒಪ್ಪಿಗೆ ಆಗದಿದ್ದಾಗ ಕೂತು ಮಾತಾಡಲೇಬೇಕು. ಸ್ಕ್ರಮ್ ಗೈಡ್ ಕೂಡ ಡೈಲಿ ಸ್ಕ್ರಮ್‌ಗೆ ಕೊಟ್ಟಿರೋದು 15 ನಿಮಿಷ, ಬೇರೆ ಮೀಟಿಂಗ್‌ಗಳ ಅಗತ್ಯವೇ ಬೀಳದಿರಲಿ ಅಂತ. ನಾವು ಅದನ್ನೂ ಇಟ್ಕೊಂಡ್ವಿ, ಬೇರೆಯವನ್ನೂ ಇಟ್ಕೊಂಡ್ವಿ. ಮದುವೆ ಮನೇಲಿ ಉಪ್ಪಿಟ್ಟು ತಿಂದ್ಕೊಂಡೇ ಊಟದ ಪಂಕ್ತಿಗೂ ಕೂತ ಹಾಗೆ.

ಅಸಲಿಗೆ ಮೀಟಿಂಗ್ ಕರೆಯೋನಿಗೆ ಖರ್ಚೇ ಇಲ್ಲ. ಐನೂರು ರೂಪಾಯಿಯ ಕೀಬೋರ್ಡಿಗೆ ಅಪ್ರೂವಲ್ ಕೇಳೋ ಕಂಪನಿಯಲ್ಲಿ ಹನ್ನೆರಡು ಜನರ ಒಂದೊಂದು ಗಂಟೆ ತಗೊಳ್ಳೋಕೆ ಯಾರ ಅನುಮತಿಯೂ ಬೇಡ. ಇನ್ನೊಂದು ಕಹಿ ಸತ್ಯವೂ ಇದೆ. ಮೀಟಿಂಗಲ್ಲಿ ಕೂತರೆ ಕೆಲಸ ಮಾಡಿದ ಹಾಗೆ ಕಾಣುತ್ತೆ, ಆದರೆ ಸೋಲೋ ಭಯ ಇರಲ್ಲ. ಖಾಲಿ ಸ್ಕ್ರೀನ್ ಮುಂದೆ ಆ ಭಯ ಇದೆ. ಲೀಡ್ ಆದ ಮೊದಲ ವರ್ಷ ನಾನೇ ವಾರಕ್ಕೆ ಆರು ಮೀಟಿಂಗ್ ಹಾಕ್ತಿದ್ದೆ, ನಾನು ಬಿಜಿ ಅಂತ ನನಗೇ ನಂಬಿಸೋಕೆ.

ಕೆಲಸವಂತೂ ನಿಲ್ಲಲ್ಲ, ಅದು ರಾತ್ರಿಗೆ ಹೋಗುತ್ತೆ. ಕ್ಯಾಲಿಫೋರ್ನಿಯಾದವರ ಒಂಬತ್ತೂವರೆಯ ಕಾಲ್ ಮುಗಿದು, ಮಗಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೀತೀನಿ. ಯಾರೂ ಕರೆಯದ ಹೊತ್ತು ಅದೊಂದೇ. ಅಪ್ಪ ರಾತ್ರಿ ತೋಟಕ್ಕೆ ಹೋಗ್ತಿದ್ದಿದ್ದು ಕರೆಂಟಿಗೋಸ್ಕರ. ಆ ಪಾಡು ನನಗೆ ಬೇಡ ಅಂತಲೇ ಬಿಇ ಓದಿಸಿದ್ದು.

ಹೋದ ವಾರದಿಂದ ಹತ್ತರಿಂದ ಒಂದರವರೆಗೆ ಕ್ಯಾಲೆಂಡರಿನಲ್ಲಿ 'ನೀರು ಕಟ್ಟೋದು' ಅಂತ ಬ್ಲಾಕ್ ಮಾಡಿದೀನಿ. ಸ್ಟ್ಯಾಂಡಪ್‌ಗೆ ಎರಡು ಸಾಲು ಬರೆದು ಕಳಿಸ್ತೀನಿ ಅಂತಲೂ ಹೇಳಿದೀನಿ. ಇದೇನು ಅಂತ ಮ್ಯಾನೇಜರ್‌ಗೆ ಅರ್ಥ ಆಗಿಲ್ಲ. ಮಾತಾಡೋಣ ಅಂತ ಇನ್ವೈಟ್ ಕಳಿಸಿದಾರೆ. ಗುರುವಾರ, ಹನ್ನೊಂದು ಗಂಟೆಗೆ.